ಕಾಮಣ್ಣನ ಕೈಯೊಳಗಿನ ಕರಡಿಗೆ

ಬನಹಟ್ಟಿಯ ನೇಕಾರ ಈರಪ್ಪನ ಮಗ ಗಿರಿಮಲ್ಲಪ್ಪ ಹದಿನೈದು ತುಂಬುವ ಹೊತ್ತಿಗೆ ಮನೆಯ ಬಾಗಿಲ ಚೌಕಟ್ಟನ್ನು ಮೀರಿ ಬೆಳೆದಿದ್ದ. ಬೆಳೆದರೆ ಬೆಳೆಯಲಿ, ಬಾಗಿ ಒಳಗೆ ಬಂದರಾಯಿತು. ಆದರೆ ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಲ್ಲಿ ಅವನ ಕಾಲು ಹಿಡಿಸಲಿಲ್ಲ. ಈರಪ್ಪ ಎರಡು ಸಲ ಕುಣಿಯನ್ನು ಆಳ ಮಾಡಿದ. ಮೂರನೆಯ ಸಲ ಗುದ್ದಲಿ ಹಾಕಿದಾಗ ಕೆಳಗೆ ಬಂಡೆ ಹತ್ತಿತು. "ಇವನ ಕಾಲಿನ ಸಲುವಾಗಿ ಭೂಮಿ ತೂತು ಮಾಡಾಕ ಆಗೂದಿಲ್ಲ," ಎಂದು ಗುದ್ದಲಿ ಒಗೆದು, ಮಗನನ್ನು ಜಮಖಂಡಿಯ ಹೈಸ್ಕೂಲಿಗೆ ಹಚ್ಚಿದ. ಓದುವ ಆಸೆಗೆ ಸಾಲಿಗೆ ಹೋದವರನ್ನು ಓಣಿಯವರು ನೋಡಿದ್ದರು. ಕಾಲು ಉದ್ದವಾದದ್ದಕ್ಕೆ ಸಾಲಿಗೆ ಹೋದವನನ್ನು ನೋಡಿದ್ದು ಅದೇ ಮೊದಲು.

ಜಮಖಂಡಿ ಸಂಸ್ಥಾನ ಮುಂಬೈ ರಾಜ್ಯದೊಳಗೆ ಸೇರಿ ಆಗ ಎರಡು ವರ್ಷವಾಗಿತ್ತು. ಹೈಸ್ಕೂಲಿನ ಕಸರತ್ತಿನ ಮಾಸ್ತರರು ಕೃಷ್ಣಾಜಿ, ಪುಣೆಯಲ್ಲಿ ಕಲಿತು ಬಂದವರು, ಅರ್ಧ ಮರಾಠಿ ಅರ್ಧ ಕನ್ನಡದ ಮನುಷ್ಯ. ಮೈದಾನದ ಎರಡು ತುದಿಗೆ ಎರಡು ಸಾಗವಾನಿ ಕಂಬ ನೆಡಿಸಿ, ಊರ ಕಮ್ಮಾರನಿಂದ ಕಬ್ಬಿಣದ ಬಳೆ ಬಡಿಸಿ ಹಾಕಿದ್ದರು. ಊರ ಮಂದಿ ಅದಕ್ಕೆ ಬುಟ್ಟಿ ಆಟ ಅನ್ನುತ್ತಿದ್ದರು. ತಳ ಇಲ್ಲದ ಬುಟ್ಟಿಯಲ್ಲಿ ಏನು ತುಂಬಿಸುತ್ತಾರೋ ಎಂದು ನಗುತ್ತಿದ್ದರು. ಮಾಸ್ತರರು ಹೊಸ ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಮಗ್ಗಕ್ಕ ಬ್ಯಾಡಾದಾಂವ ನನಗ ಬೇಕು," ಅಂದರು. ಲಾಳಿ ಎಸೆದು ಹಿಡಿದು ಬೆಳೆದ ಕೈ. ಚೆಂಡು ಅದಕ್ಕೆ ಹೊಸದಾಗಲಿಲ್ಲ. ಒಂದು ವರ್ಷದೊಳಗೆ ಅವನನ್ನು ತಡೆಯುವವರು ಆ ಮೈದಾನದಲ್ಲಿ ಉಳಿಯಲಿಲ್ಲ.

ತೊಡಕು ಬಂದದ್ದು ಮುಧೋಳದಲ್ಲಿ. ಅಲ್ಲಿಯ ಶಾಲೆಯವರ ಜೊತೆ ಪಂದ್ಯ. ಗಿರಿಮಲ್ಲಪ್ಪ ಹಾರಿ ಚೆಂಡು ಹಾಕಿ ಕೆಳಗಿಳಿಯುವಾಗ ಅಂಗಿಯೊಳಗೆ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಹೊರಬಿದ್ದು ಬೀಸಿ, ಎದುರಿನ ಹುಡುಗನ ಹುಬ್ಬಿಗೆ ಬಡಿಯಿತು. ಹುಬ್ಬು ಒಡೆದು ಮುಖದ ತುಂಬ ರಕ್ತ. ರೆಫರಿ ಆಟ ನಿಲ್ಲಿಸಿ, ಕೊರಳಾಗಿಂದು ತಗಿ, ಇಲ್ಲಾಂದ್ರ ಹೊರಗ ನಡಿ ಅಂದ. ಗಿರಿಮಲ್ಲಪ್ಪ ಹೊರಗೆ ನಡೆದ. ಹುಟ್ಟಿದ ಐದನೆಯ ದಿನ ಕೊರಳಿಗೆ ಬಂದ ಲಿಂಗ ಅದು. ಅದನ್ನು ಮೈಯಿಂದ ತೆಗೆದಿಟ್ಟು ಒಂದು ಗುಟುಕು ನೀರು ಸಹ ಆ ಮನೆಯಲ್ಲಿ ಯಾರೂ ಕುಡಿದವರಲ್ಲ. ಅವತ್ತು ಅವನಿಗೆ ತನ್ನ ಮೇಲೆ ಹೆಮ್ಮೆ ಅನಿಸಿತ್ತು. ಆಮೇಲೆ ಎಷ್ಟೋ ಸಲ, ತನ್ನ ಬಾಳಿನಲ್ಲಿ ಹೆಮ್ಮೆಪಡುವಂಥದ್ದು ಅದೊಂದೇ ಇತ್ತೇನೋ ಎಂದು ಅವನು ಲೆಕ್ಕ ಹಾಕಿದ್ದಾನೆ.

ಕೃಷ್ಣಾಜಿ ಮಾಸ್ತರರು ಸುಮ್ಮನೆ ಕೂಡುವವರಲ್ಲ. ಬನಹಟ್ಟಿಗೆ ತಾವೇ ಹೋಗಿ ಈರಪ್ಪನನ್ನು ಕರೆದುಕೊಂಡು ಮಠದ ಅಯ್ಯನವರ ಮುಂದೆ ಕುಳಿತರು. ಅಯ್ಯನವರು ಬಹಳ ಹೊತ್ತು ಯೋಚಿಸಿ ಒಂದು ದಾರಿ ತೋರಿಸಿದರು. ಆಟದ ಹೊತ್ತಿನಲ್ಲಿ ನಂಬಿಗಸ್ತನೊಬ್ಬನ ಕೈಯಲ್ಲಿ ಕೊಡಬಹುದು. ಹಿಡಿದವನು ಎದೆಗೆ ಹಚ್ಚಿ ಹಿಡಿಯಬೇಕು, ಉಣ್ಣಬಾರದು, ತಿನ್ನಬಾರದು. ಆಟ ಮುಗಿದ ಕೂಡಲೇ ಕೈಯಿಂದ ಕೈಗೆ ತಿರುಗಿ ಬರಬೇಕು. ಏನೇ ಆದರೂ ನೆಲಕ್ಕೆ ತಾಗಬಾರದು. ಈರಪ್ಪ ಒಲ್ಲದ ಮನಸ್ಸಿನಿಂದ ತಲೆ ಅಲ್ಲಾಡಿಸಿದ. ಶಾಲೆ ಮುಗಿಯುವವರೆಗೆ ಓಣಿಯ ಗೆಳೆಯರು ಸರತಿಯ ಮೇಲೆ ಹಿಡಿದರು.

ಮ್ಯಾಟ್ರಿಕ್ಕಿನಲ್ಲಿ ಗಿರಿಮಲ್ಲಪ್ಪ ಇಂಗ್ಲಿಷಿಗೆ ಮುಗ್ಗರಿಸಿದ. ಆದರೆ ವಿಜಾಪುರದ ಪಂದ್ಯದಲ್ಲಿ ಅವನನ್ನು ನೋಡಿದ್ದ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯವರು ಪತ್ರ ಹಾಕಿದರು. ಆ ಕಾಲದಲ್ಲಿ ಆಡಿದ್ದಕ್ಕೆ ಪಗಾರ ಕೊಡುವ ಪದ್ಧತಿ ಇರಲಿಲ್ಲ. ಗಿರಣಿಗಳು ಆಟಗಾರರನ್ನು ಕೆಲಸಗಾರರೆಂದು ಬರೆದುಕೊಂಡು ಆಡಿಸುತ್ತಿದ್ದವು. ಮುಂಜಾನೆ ಹಾಜರಿ ಹಾಕಿ, ಎರಡು ತಾಸು ಮಗ್ಗದ ಸಾಲಿನಲ್ಲಿ ಅಡ್ಡಾಡಿ, ಆಮೇಲೆ ಮೈದಾನಕ್ಕೆ. ಅಪ್ಪನ ಮಗ್ಗಕ್ಕೆ ಹಿಡಿಸದವನು ಗಿರಣಿಯ ಕಾಗದದಲ್ಲಿ ನೇಕಾರ ಎಂದು ದಾಖಲಾದದ್ದಕ್ಕೆ ತಾಯಿ ಭಾಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಬನಹಟ್ಟಿಯಲ್ಲಿ ಬುಟ್ಟಿ ಆಟದಿಂದ ಅನ್ನ ಹುಟ್ಟಿದ್ದು ಅವನಿಂದಲೇ ಮೊದಲು.

ಗಿರಣಿಯ ಮೈದಾನ ನೋಡಿಕೊಳ್ಳುವವನು ಕಾಮಣ್ಣ. ನಲವತ್ತರ ಆಸುಪಾಸಿನವನು, ಮಾತು ಕಡಿಮೆ, ಹಣೆಯ ತುಂಬ ಮೂರು ಬೆರಳಿನ ವಿಭೂತಿ. ಸುಣ್ಣದ ಗೆರೆ ಎಳೆಯುವುದು, ನೀರು ತುಂಬಿಡುವುದು, ಚೆಂಡಿಗೆ ಗಾಳಿ ಹಾಕುವುದು ಅವನ ಕೆಲಸ. ಚರ್ಮದ ಚೆಂಡು ಬಿಚ್ಚಿದರೆ ಅವನು ಹಾಕುವ ಹೊಲಿಗೆ ಇಡೀ ಸೊಲ್ಲಾಪುರದಲ್ಲಿ ಇನ್ನೊಬ್ಬನಿಗೆ ಬರುತ್ತಿರಲಿಲ್ಲ. ಬೆರಳಿಂದ ಸವರಿದರೂ ಎಲ್ಲಿ ಹೊಲಿದಿದ್ದಾನೆ ಎಂದು ತಿಳಿಯದು. ಆ ಹೊಲಿಗೆ ಯಾರಿಂದ ಕಲಿತೆ ಎಂದು ಗಿರಿಮಲ್ಲಪ್ಪ ಒಂದು ದಿನವೂ ಕೇಳಲಿಲ್ಲ. ಕೆಲಸ ಚೆನ್ನಾಗಿ ಆಗುತ್ತಿದ್ದರೆ ಮಾಡುವವನ ಬಗ್ಗೆ ನಾವು ಕೇಳುವುದು ಯಾವಾಗ?

ಮೊದಲ ಪಂದ್ಯದ ದಿನ, ಆಟ ಶುರುವಾಗುವ ಹೊತ್ತಿನಲ್ಲಿ, ಗಿರಿಮಲ್ಲಪ್ಪ ಕೊರಳಿಂದ ಕರಡಿಗೆ ತೆಗೆದು ಕಾಮಣ್ಣನ ಮುಂದೆ ಹಿಡಿದ. ಏನು ಮಾಡಬೇಕು, ಏನು ಮಾಡಬಾರದು ಎಲ್ಲ ಹೇಳಿದ. ಕಾಮಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ನನ್ನ ಕೈಯಾಗ ಯಾಕ್ರಿ, ಗಿರಿಮಲ್ಲಪ್ಪಾರ?"

"ನೀನೂ ಇಭೂತಿ ಹಚ್ಚಾಂವ, ನಾನೂ ಹಚ್ಚಾಂವ. ಹಿಡಿ."

"ಹಂಗಲ್ರಿ. ನಾ ಬೀಳಗಿ ಕಡಿಯಾಂವ. ನಮ್ಮ ಮನಿತನ..."

"ಬೀಳಗಿ ಅಂದ್ರ ನಮ್ಮವನ ಆದಿ. ಹೊತ್ತಾತು, ಹಿಡಿ," ಎಂದು ಗಿರಿಮಲ್ಲಪ್ಪ ಅವನ ಅಂಗೈಯಲ್ಲಿಟ್ಟು ಓಡಿದ. ಮುಂದಿನ ಮಾತು ಕಾಮಣ್ಣನ ಬಾಯಲ್ಲೇ ಉಳಿಯಿತು. ಅದು ಏನಿದ್ದೀತು ಎಂದು ಗಿರಿಮಲ್ಲಪ್ಪನಿಗೆ ಅವತ್ತೇ ಒಂದು ಸಣ್ಣ ಅನುಮಾನ ಬಂದದ್ದುಂಟು. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಬೇರೆಯವನನ್ನು ಹುಡುಕಬೇಕಾಗುತ್ತದೆ. ಅದಕ್ಕೇ ಕೇಳಲಿಲ್ಲ.

ಮೂರು ವರ್ಷ ಕಾಮಣ್ಣ ಹಿಡಿದ. ಪಂದ್ಯದ ದಿನ ಮುಂಜಾನೆ ಮಿಂದು ಬರುತ್ತಿದ್ದ. ನಳದಲ್ಲಿ ಕೈ ತೊಳೆದು, ನಡುವಿಗೆ ಸಿಕ್ಕಿಸಿದ ಬಿಳಿ ಅರಿವೆಯ ಪಾವಡ ಬಿಡಿಸಿ ಅದರಲ್ಲಿ ಕರಡಿಗೆ ತೆಗೆದುಕೊಂಡು, ಎರಡೂ ಕೈಯಿಂದ ಎದೆಗೆ ಹಚ್ಚಿ ನಿಲ್ಲುತ್ತಿದ್ದ. ಕುಳಿತುಕೋ ಎಂದರೂ ಕುಳಿತವನಲ್ಲ. ಉಣ್ಣಬಾರದು ಅಂದದ್ದನ್ನು ಅವನು ತನ್ನದೇ ರೀತಿಯಲ್ಲಿ ತಿಳಿದುಕೊಂಡಿದ್ದ: ಹಿಡಿದ ಹೊತ್ತಿನಲ್ಲಿ ಮಾತ್ರವಲ್ಲ, ಆ ದಿನ ಮುಂಜಾನೆಯಿಂದಲೇ ಅವನ ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಅಷ್ಟು ಬೇಡವೆಂದು ಗಿರಿಮಲ್ಲಪ್ಪ ಹೇಳಿದ್ದಕ್ಕೆ, "ಇರಲಿ ಬಿಡ್ರಿ, ನನಗ ಛಲೋ ಅನಸ್ತೈತಿ," ಅಂದಿದ್ದ. ಗಿರಿಮಲ್ಲಪ್ಪನ ಆಟ ಏರುತ್ತ ಹೋಯಿತು. ಸೊಲ್ಲಾಪುರದ ತಂಡಕ್ಕೆ ನಾಯಕನಾದ. ಮುಂಬೈ ರಾಜ್ಯದ ತಂಡಕ್ಕೆ ಆಯ್ಕೆ ನಡೆಯುವಾಗ ಪುಣೆಗೆ ಬರಬೇಕೆಂದು ಕರೆ ಬಂತು. ರಾಜ್ಯದ ಅಂಗಿ ಹಾಕಿಕೊಂಡವನಿಗೆ ಗಿರಣಿಯಲ್ಲಿ ಕಾಯಂ ನೌಕರಿ, ಆಟ ಮುಗಿದ ಮೇಲೂ ಅನ್ನ. ಅವನ ಕಣ್ಣೆಲ್ಲ ಆ ಅಂಗಿಯ ಮೇಲಿತ್ತು.

ಆಯ್ಕೆಗೆ ಒಂದು ತಿಂಗಳು ಮೊದಲು ಕೃಷ್ಣಾಜಿ ಮಾಸ್ತರರು ಗಿರಣಿಯ ತಂಡವನ್ನು ಜಮಖಂಡಿಗೆ ಕರೆಸಿದರು. ಹಳೆಯ ವಿದ್ಯಾರ್ಥಿಯ ಆಟ ಊರಿಗೆ ತೋರಿಸಬೇಕೆಂಬ ಆಸೆ. ಬನಹಟ್ಟಿ, ರಬಕವಿಗಳಿಂದ ನೇಕಾರರು ಮಗ್ಗ ಬಿಟ್ಟು ಬಂದರು. ಈರಪ್ಪ ಹೊಸ ರುಮಾಲು ಸುತ್ತಿಕೊಂಡು, ಭಾಗವ್ವನನ್ನು ಕರೆದುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದ. ಅವನ ಪಕ್ಕದಲ್ಲಿ ಬೀಳಗಿಯ ಅರಿವೆ ವ್ಯಾಪಾರಿ ಶಿದ್ರಾಮಪ್ಪ. ಈರಪ್ಪ ನೇಯ್ದ ಸೀರೆಗಳನ್ನು ವರ್ಷಗಟ್ಟಲೆ ಕೊಂಡವನು. ಮೊದಲರ್ಧ ಮುಗಿಯುವಾಗ ಗಿರಿಮಲ್ಲಪ್ಪ ಒಬ್ಬನೇ ಹದಿನಾಲ್ಕು ಅಂಕ ಹಾಕಿದ್ದ. ಬಿಡುವಿನಲ್ಲಿ ಬೆವರು ಒರೆಸಿಕೊಳ್ಳುತ್ತ ಅವನು ಅಪ್ಪನ ಕಡೆಗೆ ಬಂದ.

ಶಿದ್ರಾಮಪ್ಪ ಅವನನ್ನು ನೋಡುತ್ತಿರಲಿಲ್ಲ. ಗೆರೆಯ ಆಚೆ ನಿಂತಿದ್ದ ಕಾಮಣ್ಣನನ್ನು ನೋಡುತ್ತಿದ್ದ.

"ಈರಪ್ಪಾ, ಅಲ್ಲಿ ಎದಿಗೆ ಏನೋ ಹಿಡ್ಕೊಂಡು ನಿಂತಾನಲ್ಲ, ಅಂವ ನಮ್ಮೂರ ಸಮಗಾರ ಕರೆಪ್ಪನ ಮಗ ಅದಾನ. ಈ ನನ್ನ ಕಾಲಾಗಿನ ಚಪ್ಪಲಿ ಅವರಪ್ಪನ ಕೈಯಾಗಿನ್ವು. ಅಂವ ಹಿಡದಿದ್ದು ಏನದು?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಆಟದ ಮೊದಲು ಮಗ ಕೊರಳಿಂದ ತೆಗೆದು ಕೊಟ್ಟದ್ದನ್ನು ಮುಂದಿನ ಸಾಲೆಲ್ಲ ನೋಡಿತ್ತು. ಮಾತು ಒಬ್ಬರಿಂದ ಒಬ್ಬರಿಗೆ ದಾಟಿ, ಹಿಂದಿನ ಸಾಲಿನವರು ಎದ್ದು ನಿಂತು ನೋಡತೊಡಗಿದರು. ಶರಣರು ಜಾತಿ ಕೇಳಲಿಲ್ಲ ಎಂಬ ಪುರಾಣವನ್ನು ಪ್ರತಿ ಶ್ರಾವಣದಲ್ಲಿ ಕೈಮುಗಿದು ಕೇಳುವ ಮಂದಿಯೇ ಅವರು. ಪುರಾಣ ಪುರಾಣದ ಜಾಗದಲ್ಲಿ, ಊರು ಊರಿನ ಜಾಗದಲ್ಲಿ.

"ಗಿರಮಲ್ಲ, ನಿನಗ ಗೊತ್ತಿತ್ತೇನು?" ಈರಪ್ಪ ಕೇಳಿದ. ದನಿ ಸಣ್ಣದಾಗಿತ್ತು.

ಆಗ ಹೇಳಬಹುದಿತ್ತು. ಅಂವ ಹೇಳಾಕ ಬಂದಿದ್ದ, ನಾನ ಕೇಳಿಸಿಕೊಳ್ಳಲಿಲ್ಲ ಅನ್ನುವುದಕ್ಕೆ ಎಷ್ಟು ಉಸಿರು ಬೇಕು? ಗಿರಿಮಲ್ಲಪ್ಪ ಅಪ್ಪನ ಹೊಸ ರುಮಾಲನ್ನು ನೋಡಿದ, ಶಿದ್ರಾಮಪ್ಪನ ಮುಖ ನೋಡಿದ, ಸುತ್ತಲಿನ ಕಣ್ಣುಗಳನ್ನು ನೋಡಿದ.

"ಇಲ್ಲಪ್ಪಾ. ಅಂವ ನನಗ ಹೇಳಲಿಲ್ಲ. ಮೋಸ ಮಾಡ್ಯಾನ."

ಕಾಮಣ್ಣನಿಗೂ ಅದು ಕೇಳಿಸಿತು. ಅವನು ಗಿರಿಮಲ್ಲಪ್ಪನನ್ನು ನೋಡಿದ. ಸಿಟ್ಟಿನ ನೋಟವಾಗಿದ್ದರೆ ತಾಳಿಕೊಳ್ಳಬಹುದಿತ್ತು. ಅಲ್ಲಿದ್ದದ್ದು ಬರೀ ಆಶ್ಚರ್ಯ, ಗುರುತಿನವರ ಮನೆಗೆ ಹೋಗಿ ಬೇರೆ ಯಾರೋ ಬಾಗಿಲು ತೆಗೆದಾಗ ಆಗುವಂಥದ್ದು. ಆಮೇಲೆ ಅವನು ಈರಪ್ಪನ ಕಡೆ ತಿರುಗಿ, "ಹೌದ್ರಿ ಯಪ್ಪಾ. ನಾ ಹೇಳಲಿಲ್ರಿ. ತಪ್ಪಾತು," ಅಂದ. ಸುಳ್ಳನ್ನು ತಾನೇ ಎತ್ತಿ ಹೆಗಲ ಮೇಲೆ ಹಾಕಿಕೊಂಡ.

ಮುಂದೆ ಬಂದು ಎರಡೂ ಕೈ ಚಾಚಿದ. "ತಗೋರಿ, ಗಿರಿಮಲ್ಲಪ್ಪಾರ."

ಗಿರಿಮಲ್ಲಪ್ಪನ ಕೈ ತಾನಾಗಿಯೇ ಮುಂದೆ ಹೋಯಿತು. ಮೂರು ವರ್ಷದ ರೂಢಿ. ಅರ್ಧಕ್ಕೆ ಹೋದ ಕೈಯನ್ನು ಅವನು ಹಿಂದಕ್ಕೆ ಎಳೆದುಕೊಂಡ.

"ಕೆಳಗ ಇಡು."

"ನೆಲಕ್ಕ ಮುಟ್ಟಸಬಾರದು ಅಂತ ನೀವ ಹೇಳೀರಿ."

"ಇಡು ಅಂದ್ನಿ."

"ನೆಲಕ್ಕ ಬ್ಯಾಡ್ರಿ. ನನ್ನ ಕೈಯಾಗಿಂದ ನೀವು ಒಲ್ಲೆಂದ್ರ ಮತ್ಯಾರರ ಬಂದು ತಗೋರಿ. ನೆಲಕ್ಕ ಮಾತ್ರ ಬ್ಯಾಡ್ರಿ."

ಕಾಮಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಅಷ್ಟು ಜನ ಲಿಂಗವಂತರು ನಿಂತಿದ್ದರು, ಒಬ್ಬನೂ ಕೈ ಚಾಚಲಿಲ್ಲ. ಲಿಂಗ ಮಣ್ಣಿಗೆ ಹೋಗಬಾರದೆಂಬ ಚಿಂತೆ ಆ ಇಡೀ ಮೈದಾನದಲ್ಲಿ ಒಬ್ಬನಿಗೇ ಇತ್ತು, ಅವನ ಕೈ ಯಾರಿಗೂ ಬೇಡವಾಗಿತ್ತು. ಕೃಷ್ಣಾಜಿ ಮಾಸ್ತರರು, ಹುಡುಗರಿಗೆ ಎದೆಯೆತ್ತಿ ನಿಲ್ಲುವುದನ್ನು ಕಲಿಸಿದವರು, ಗಡಿಯಾರ ನೋಡಿಕೊಂಡು, "ಲವಕರ ಮುಗಸ್ರಿ, ಎರಡನೇ ಅರ್ಧ ಶುರು ಆಗಬೇಕು," ಅಂದರು.

ಕಡೆಗೆ ಕಾಮಣ್ಣ ಮೊಣಕಾಲೂರಿ, ಪಾವಡವನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆ ಸರಿಮಾಡಿ, ಅದರ ನಡುವೆ ಕರಡಿಗೆ ಇಟ್ಟ. ಎದ್ದು ಹತ್ತು ಹೆಜ್ಜೆ ಹಿಂದೆ ಸರಿದು ನಿಂತ. ಎಷ್ಟು ಸರಿಯಬೇಕೆಂದು ಅವನಿಗೆ ಯಾರೂ ಹೇಳಲಿಲ್ಲ. ಅದನ್ನು ಅವನು ಚಿಕ್ಕಂದಿನಲ್ಲೇ ಕಲಿತಿದ್ದ. ಭಾಗವ್ವ ಒಂದು ಕೊಡ ನೀರು ತಂದು ಅದರ ಮೇಲೆ ಸುರಿದಳು. ಪಾವಡ ಕೆಸರಾಯಿತು. ಗಿರಿಮಲ್ಲಪ್ಪ ಕರಡಿಗೆ ಎತ್ತಿ ಅಪ್ಪನ ಕೈಗೆ ಕೊಟ್ಟ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಮೂರು ವರ್ಷದ ಗಡಿಗೆ ಒಡೆಯಲು ಅವತ್ತು ಹತ್ತು ನಿಮಿಷದ ಬಿಡುವು ಪೂರ್ತಿ ಬೇಕಾಗಲಿಲ್ಲ.

ನಾಚಿಕೆ ಇದ್ದವನ ಆಟ ಆಮೇಲೆ ಕೆಡಬೇಕಿತ್ತು. ಕೆಡಲಿಲ್ಲ. ಎರಡನೆಯ ಅರ್ಧದಲ್ಲಿ ಗಿರಿಮಲ್ಲಪ್ಪ ಹತ್ತೊಂಬತ್ತು ಅಂಕ ಹಾಕಿದ. ಮಂದಿ ಚಪ್ಪಾಳೆ ತಟ್ಟಿದರು, ಶಿದ್ರಾಮಪ್ಪ ಬೆನ್ನು ಚಪ್ಪರಿಸಿದ. ಆ ಚೆಂಡಿಗೆ ಹಿಂದಿನ ವಾರವಷ್ಟೇ ಕಾಮಣ್ಣ ಹೊಲಿಗೆ ಹಾಕಿದ್ದ, ಅದನ್ನು ಮುಟ್ಟಲು ಯಾರಿಗೂ ಏನೂ ಅನಿಸಲಿಲ್ಲ. ಗಿರಿಮಲ್ಲಪ್ಪನಿಗೆ ಇದು ಹೊಳೆದದ್ದು ಮರುದಿನ, ಸೊಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ. ಕಾಮಣ್ಣ ಚೆಂಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕಡೆಯ ಸೀಟಿನಲ್ಲಿ ಕುಳಿತಿದ್ದ. ಹಿಂದಿರುಗಿ ನೋಡುವ ಧೈರ್ಯ ಗಿರಿಮಲ್ಲಪ್ಪನಿಗೆ ದಾರಿಯುದ್ದಕ್ಕೂ ಬರಲಿಲ್ಲ. ತಾನೊಬ್ಬ ಹೇಡಿ ಎಂಬುದು ಅಷ್ಟು ಉದ್ದದ ಮೈಯ ಪ್ರತಿ ಗೇಣಿಗೂ ತಿಳಿಯಿತು.

ಕಾಮಣ್ಣ ಮೊದಲಿನಂತೆಯೇ ಇದ್ದ. ಗೆರೆ ಎಳೆದ, ನೀರು ತುಂಬಿದ, ಕರೆದರೆ ಓ ಎಂದ. ಬದಲಾದದ್ದು ಇಷ್ಟೇ, ನೀರಿನ ತಂಬಿಗೆಯನ್ನು ಗಿರಿಮಲ್ಲಪ್ಪನ ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಸರಿಯುತ್ತಿದ್ದ. ಬೇರೆ ಆಟಗಾರರಿಗೆ ಕೈಗೇ ಕೊಡುತ್ತಿದ್ದ.

ಲಿಂಗ ಹಿಡಿಯಲು ಗಿರಣಿಯ ಕಾರಕೂನ ಗುರಪ್ಪ ಸಿಕ್ಕ. ಮನೆತನದಲ್ಲಿ ಯಾರೂ ಬೆರಳು ತೋರಿಸುವಂತಿರಲಿಲ್ಲ. ಮೊದಲ ಪಂದ್ಯದಲ್ಲಿ ಅವನು ಕರಡಿಗೆಯನ್ನು ಕೋಟಿನ ಕಿಸೆಗೆ ಹಾಕಿಕೊಂಡು ಬೀಡಿ ಹಚ್ಚಿದ. ಎರಡನೆಯದರಲ್ಲಿ ಹೋಟೆಲಿಗೆ ಹೋಗಿ ಭಜಿ ತಿಂದು, ಎಣ್ಣೆಗೈಯಲ್ಲೇ ತೆಗೆದು ಕೊಟ್ಟ. ಗಿರಿಮಲ್ಲಪ್ಪ ಯಾವ ಬಾಯಿಂದ ಕೇಳಬೇಕು? ಎಣ್ಣೆ ಹತ್ತಿದ್ದನ್ನು ಅಂಗಿಯ ಅಂಚಿನಿಂದ ಒರೆಸಿ ಕೊರಳಿಗೆ ಹಾಕಿಕೊಂಡ. ಕಾಮಣ್ಣ ದೂರದಿಂದ ಅದನ್ನು ನೋಡಿ ಮುಖ ಆಚೆ ಮಾಡಿದ.

ಹಲವು ಸಲ ಗಿರಿಮಲ್ಲಪ್ಪ ಮಾತು ಸಿದ್ಧ ಮಾಡಿಕೊಂಡು ಹೋದ. ಕಾಮಣ್ಣ ಸುಣ್ಣದ ಡಬ್ಬಿ ಹಿಡಿದು ಬಗ್ಗಿರುತ್ತಿದ್ದ. "ಏನ್ರಿ?" ಅನ್ನುತ್ತಿದ್ದ. "ಏನಿಲ್ಲ, ಗೆರಿ ಛಲೋ ಬಂದಾವ," ಎಂದು ಇವನು ತಿರುಗಿ ಬರುತ್ತಿದ್ದ.

ಪುಣೆಯ ಆಯ್ಕೆಯ ದಿನ ಬಂತು. ಗುರಪ್ಪನಿಗೆ ರಜೆ ಸಿಗಲಿಲ್ಲ. ಗಿರಣಿಯಿಂದ ಹೋದವರು ಮೂವರು ಆಟಗಾರರು, ಚೆಂಡು ಕಾಯಲು ಕಾಮಣ್ಣ. ಉಳಿದಿಬ್ಬರು ಆಟಗಾರರೂ ಅಂಗಳದೊಳಗೆ ಇರುವವರು. ರೆಫರಿ ಕೊರಳು ನೋಡಿ ಬೆರಳು ಮಾಡಿದ. ಗಿರಿಮಲ್ಲಪ್ಪ ಕರಡಿಗೆ ತೆಗೆದು ಕೈಯಲ್ಲಿ ಹಿಡಿದು ಕಾಮಣ್ಣನ ಮುಂದೆ ಬಂದು ನಿಂತ. ಅವನ ಕಿವಿ ಸುಡುತ್ತಿದ್ದವು.

"ಕಾಮಣ್ಣ, ಇದನ್ನ ಹಿಡಿ."

ಕಾಮಣ್ಣ ನಳಕ್ಕೆ ಹೋಗಿ ಕೈ ತೊಳೆದು ಬಂದ. ನಡುವಿನಿಂದ ಒಂದು ಪಾವಡ ತೆಗೆದು ಝಾಡಿಸಿ, ಅಂಗಳದ ಅಂಚಿನ ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿದ. ಎದ್ದು ಹತ್ತು ಹೆಜ್ಜೆ ಹಿಂದಕ್ಕೆ ಹೋದ.

"ಅಲ್ಲಿ ಇಡ್ರಿ, ಗಿರಿಮಲ್ಲಪ್ಪಾರ. ನಾ ಇಲ್ಲಿಂದ ಕಾಯ್ತೀನಿ. ನಾಯಿ ಕಾಗಿ ಹತ್ರ ಬಿಡೂದಿಲ್ಲ."

ಗಿರಿಮಲ್ಲಪ್ಪ ಆ ದನಿಯಲ್ಲಿ ಕುಹಕವನ್ನು ಹುಡುಕಿದ. ಸಿಕ್ಕಿದ್ದರೆ ಸಿಟ್ಟು ಮಾಡಿಕೊಂಡು ಹಗುರಾಗಬಹುದಿತ್ತು.

"ಕೈಯಾಗ ಹಿಡಿ ಅಂತೀನಿ."

"ಬ್ಯಾಡ್ರಿ. ನಾಳಿ ಯಾರರ ಗುರುತಿನವರು ನೋಡಿದ್ರ ಮತ್ತ ನೆಲಕ್ಕ ಇಡಸ್ತೀರಿ. ಈಗ ಇಟ್ಟಬಿಡ್ರಿ. ಹಿಂದಾಗಡಿ ಇಡೂದು ನನಗ ಆಗೂದಿಲ್ಲ."

ಒಳಗಿನಿಂದ ಆಯ್ಕೆಗಾರರು ಅವನ ಹೆಸರು ಹಿಡಿದು ಕರೆದರು. ಎರಡನೆಯ ಸಲ ಕರೆದರು. ಆಟ ಬಿಟ್ಟು ಲಿಂಗವನ್ನು ಕೊರಳಿಗೆ ಹಾಕಿಕೊಂಡು ಮುಧೋಳದಲ್ಲಿ ನಡೆದಂತೆ ಹೊರಗೆ ನಡೆಯಬಹುದಿತ್ತು. ನಾನು ಸುಳ್ಳು ಹೇಳಿದೆ, ಕಾಲಿಗೆ ಬೀಳುತ್ತೇನೆ ಅನ್ನಬಹುದಿತ್ತು. ಮೂರನೆಯ ಸಲ ಕರೆದಾಗ ಗಿರಿಮಲ್ಲಪ್ಪ ಬಗ್ಗಿ, ಕರಡಿಗೆಯನ್ನು ಪಾವಡದ ಮೇಲೆ ಇಟ್ಟು, ಅಂಗಳಕ್ಕೆ ಓಡಿದ.

ಒಂದು ತಾಸು ಆಡಿದ. ಚೆಂಡು ತಿರುಗಿದಾಗಲೆಲ್ಲ ಕಣ್ಣು ಆ ಮೂಲೆಗೆ ಹೋಗುತ್ತಿತ್ತು. ಬಿಸಿಲಿನಲ್ಲಿ ಕಾಮಣ್ಣ ಕೈಕಟ್ಟಿ ನಿಂತೇ ಇದ್ದ. ಒಂದು ನಾಯಿ ಬಂದದ್ದನ್ನು ಓಡಿಸಿದ. ಓಡಿಸುವಾಗಲೂ ಹತ್ತು ಹೆಜ್ಜೆಯ ಅಳತೆ ಮೀರಲಿಲ್ಲ. ಆಟ ಮುಗಿದ ಮೇಲೆ ಪಟ್ಟಿ ಓದಿದರು. ಗಿರಿಮಲ್ಲಪ್ಪನ ಹೆಸರು ಎರಡನೆಯದು. ಜೊತೆಯವರು ಅವನನ್ನು ಎತ್ತಿ ಕುಣಿದರು.

ಬಿಡಿಸಿಕೊಂಡು ಅವನು ಆ ಮೂಲೆಗೆ ಬಂದ. "ಛಲೋ ಆಡಿದ್ರಿ, ಗಿರಿಮಲ್ಲಪ್ಪಾರ," ಎಂದ ಕಾಮಣ್ಣ, ಅಲ್ಲಿಂದಲೇ. ಬೆಳಗಿನಿಂದ ನೀರು ಬಿಟ್ಟು ಏನೂ ಕಾಣದ ಅವನ ತುಟಿ ಬಿಳಿಚಿಕೊಂಡಿದ್ದವು. ಗಿರಿಮಲ್ಲಪ್ಪ ಮೊಣಕಾಲೂರಿ ಪಾವಡದ ಮುಂದೆ ಬಗ್ಗಿದವನು ಬಗ್ಗಿಯೇ ಇದ್ದ. ಕೈ ಕರಡಿಗೆಯ ಮೇಲಿತ್ತು, ಎತ್ತಲು ಆಗಲಿಲ್ಲ. ಆಯ್ಕೆ ಸಮಿತಿಯ ಹಿರಿಯರೊಬ್ಬರು ಆ ದಾರಿಯಲ್ಲಿ ಬಂದವರು, ಹುಡುಗ ದೇವರಿಗೆ ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದು, ಬೂಟು ಕಳಚಿ ಪಕ್ಕಕ್ಕೆ ನಿಂತರು. ಮುಖ ಎತ್ತಿದರೆ ಕಾಮಣ್ಣನನ್ನು ನೋಡಬೇಕಾಗುತ್ತಿತ್ತು. ಅದಕ್ಕೇ ಗಿರಿಮಲ್ಲಪ್ಪ ಎತ್ತಲಿಲ್ಲ.